ಬೊಜ್ಜು: ಸುದ್ದಿ ಕರುಳಿನದು, ತೀರ್ಪು ಮಿದುಳಿನದು

ಹುಟ್ಟಿದ ಕ್ಷಣದಿಂದ ಒಂದೇ ಒಂದು ಬ್ಯಾಕ್ಟೀರಿಯಾವನ್ನೂ ಕಾಣದೆ ಬೆಳೆದ ಇಲಿಗಳಿವೆ. ಅವು ಉಸಿರಾಡುವ ಗಾಳಿ, ಕುಡಿಯುವ ನೀರು, ತಿನ್ನುವ ಆಹಾರ, ಮಲಗುವ ಹೊಟ್ಟು ಎಲ್ಲವೂ ಕ್ರಿಮಿಶುದ್ಧ. ಹೊರಗಿನ ಗಾಳಿ ಸೋಕದ ಗೂಡಿನೊಳಗೇ ಅವುಗಳ ಹುಟ್ಟು, ಸಾವು, ಸಂಸಾರ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೆಫ್ರಿ ಗಾರ್ಡನ್ ಅವರ ತಂಡ ಇಂಥ ಇಲಿಗಳನ್ನು ಸಾಮಾನ್ಯ ಇಲಿಗಳೊಂದಿಗೆ ಹೋಲಿಸಿ 2004ರಲ್ಲಿ ಒಂದು ವಿಚಿತ್ರ ಸಂಗತಿಯನ್ನು ಪ್ರಕಟಿಸಿತು. ಸಾಮಾನ್ಯ ಇಲಿಗಳು ತಿನ್ನುತ್ತಿದ್ದುದು ಕಡಿಮೆ. ಆದರೂ ಅವುಗಳ ಮೈಯಲ್ಲಿದ್ದ ಕೊಬ್ಬು ಕ್ರಿಮಿರಹಿತ ಇಲಿಗಳಿಗಿಂತ ಶೇ 40ಕ್ಕೂ ಹೆಚ್ಚು. ಸಾಮಾನ್ಯ ಇಲಿಯ ಕರುಳಿನ ಬ್ಯಾಕ್ಟೀರಿಯಾವನ್ನು ಕ್ರಿಮಿರಹಿತ ಇಲಿಗೆ ಸೇರಿಸಿದಾಗ, ಅದು ಮೊದಲಿಗಿಂತ ಕಡಿಮೆ ತಿಂದರೂ ಎರಡೇ ವಾರಗಳಲ್ಲಿ ಅದರ ಕೊಬ್ಬು ಸುಮಾರು ಶೇ 60ರಷ್ಟು ಏರಿತು.

ಅಲ್ಲಿಯವರೆಗೆ ಬೊಜ್ಜು ಎಂದರೆ ಬಾಯಿಗೆ ಹೋದದ್ದೆಷ್ಟು, ಮೈ ಖರ್ಚು ಮಾಡಿದ್ದೆಷ್ಟು ಎಂಬ ಕೂಡುವ ಕಳೆಯುವ ಲೆಕ್ಕ. ಆ ಲೆಕ್ಕದಲ್ಲಿ ಮೂರನೆಯವರ ಕೈಯೂ ಇದೆ ಎಂಬುದು ಈಗ ಗೊತ್ತಾಯಿತು. 2006ರಲ್ಲಿ ಅದೇ ತಂಡ ಬೊಜ್ಜಿನ ಇಲಿಯ ಬ್ಯಾಕ್ಟೀರಿಯಾವನ್ನು ಕ್ರಿಮಿರಹಿತ ಇಲಿಗಳ ಒಂದು ಗುಂಪಿಗೂ ತೆಳ್ಳನೆಯ ಇಲಿಯದನ್ನು ಇನ್ನೊಂದು ಗುಂಪಿಗೂ ಕೊಟ್ಟಿತು. ಎರಡು ವಾರಗಳ ಕೊನೆಗೆ ಮೊದಲ ಗುಂಪಿನ ಕೊಬ್ಬು ಶೇ 47ರಷ್ಟು, ಎರಡನೆಯದರ ಕೊಬ್ಬು ಶೇ 27ರಷ್ಟು ಹೆಚ್ಚಿತ್ತು. ಬ್ಯಾಕ್ಟೀರಿಯಾ ಬದಲಿಸಿದರೆ ತೂಕ ಇಳಿಯುತ್ತದೆ ಎಂಬ ಘೋಷಣೆ ಹುಟ್ಟಿಕೊಂಡದ್ದು ಇಂಥ ಪ್ರಯೋಗಗಳಿಂದಲೇ. ಅದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಹುಡುಕಬೇಕಾದದ್ದು ತಲೆಬುರುಡೆಯ ಒಳಗೆ.

ಮೊದಲು ಆ ಅರ್ಧ ಸತ್ಯವನ್ನೇ ನೋಡೋಣ. ನಮ್ಮೊಳಗಿನ ಬ್ಯಾಕ್ಟೀರಿಯಾಗಳ ಸಂಖ್ಯೆ ಸುಮಾರು 38 ಲಕ್ಷ ಕೋಟಿ ಎಂದು 2016ರಲ್ಲಿ ಪ್ರಕಟವಾದ ಒಂದು ಎಚ್ಚರಿಕೆಯ ಲೆಕ್ಕಾಚಾರ ಹೇಳುತ್ತದೆ. ನಮ್ಮ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಅಂದರೆ ಇಬ್ಬರೂ ಹೆಚ್ಚುಕಡಿಮೆ ಸಮಬಲರು. ಒಂದಕ್ಕೆ ಹತ್ತರಂತೆ ಬ್ಯಾಕ್ಟೀರಿಯಾಗಳೇ ಹೆಚ್ಚು ಎಂದು ಇಂದಿಗೂ ಅಲ್ಲಲ್ಲಿ ಅಚ್ಚಾಗುವ ಮಾತಿಗೆ ಆಧಾರವಿಲ್ಲ. ಅವುಗಳ ಒಟ್ಟು ತೂಕ ಎರಡು ಕಿಲೋ ಎಂಬುದೂ ಉತ್ಪ್ರೇಕ್ಷೆ. ಇನ್ನೂರು ಗ್ರಾಂ ಎನ್ನುವುದು ಸರಿಯಾದ ಅಂದಾಜು. ಬಹುಪಾಲು ವಾಸ ದೊಡ್ಡ ಕರುಳಿನಲ್ಲಿ. ಸಣ್ಣ ಕರುಳು ಸಕ್ಕರೆ, ಪಿಷ್ಟ, ಪ್ರೋಟೀನು, ಕೊಬ್ಬುಗಳನ್ನು ಹೀರಿಕೊಂಡ ಮೇಲೆ ಉಳಿಯುವುದು ನಮ್ಮ ಕಿಣ್ವಗಳಿಗೆ ಜಗ್ಗದ ನಾರು ಮತ್ತು ಜೀರ್ಣವಾಗದ ಪಿಷ್ಟ. ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಅವು ಅದನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯೂಟಿರೇಟ್ ಎಂಬ ಪುಟ್ಟ ಕೊಬ್ಬಿನಾಮ್ಲಗಳನ್ನು ಹೊರಬಿಡುತ್ತವೆ. ಕರುಳು ಅವನ್ನು ಹೀರಿಕೊಳ್ಳುತ್ತದೆ. ಮನುಷ್ಯನಿಗೆ ಸಿಗುವ ಒಟ್ಟು ಶಕ್ತಿಯಲ್ಲಿ ಶೇ 5ರಿಂದ 10ರಷ್ಟು ಈ ದಾರಿಯಿಂದ ಬರುತ್ತದೆ. ಹೀಗಾಗಿ ಒಂದೇ ಊಟವನ್ನು ಉಂಡ ಇಬ್ಬರಿಗೆ ದಕ್ಕುವ ಕ್ಯಾಲರಿ ಒಂದೇ ಆಗಿರಬೇಕಿಲ್ಲ.

ಎಷ್ಟು ವ್ಯತ್ಯಾಸವಾಗಬಹುದು? 2023ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗ ಇದನ್ನು ಅಳೆಯಿತು. 17 ಆರೋಗ್ಯವಂತರನ್ನು ಸಂಶೋಧನಾ ಕೇಂದ್ರದಲ್ಲೇ ಇರಿಸಿಕೊಂಡು ಎರಡು ಬಗೆಯ ಆಹಾರವನ್ನು ಸರದಿಯಂತೆ ಕೊಟ್ಟರು: ಒಂದು ನಾರು ಮತ್ತು ಇಡಿ ಕಾಳುಗಳು ತುಂಬಿದ್ದು, ಇನ್ನೊಂದು ಸಂಸ್ಕರಿಸಿದ್ದು. ನಾರಿನ ಆಹಾರದ ಅವಧಿಯಲ್ಲಿ ದಿನಕ್ಕೆ ಸರಾಸರಿ 116 ಕ್ಯಾಲರಿ ಹೆಚ್ಚಾಗಿ ಮಲದಲ್ಲಿ ಹೊರಹೋಯಿತು. ಅದರಲ್ಲಿ ಒಂದು ಪಾಲು ಬ್ಯಾಕ್ಟೀರಿಯಾಗಳನ್ನು ಬೆಳೆಸಲು ಖರ್ಚಾಗಿತ್ತು, ದೇಹಕ್ಕೆ ದಕ್ಕಲಿಲ್ಲ. ಸ್ವಯಂಸೇವಕರಿಗೆ ಇದರಿಂದ ಹಸಿವು ಹೆಚ್ಚಿದಂತೆಯೂ ಕಾಣಲಿಲ್ಲ. ದಿನಕ್ಕೆ 116 ಕ್ಯಾಲರಿ ಸಣ್ಣದೇನಲ್ಲ, ಆದರೆ ಇಲಿಗಳಲ್ಲಿ ಕಂಡ ಚಮತ್ಕಾರವೂ ಅಲ್ಲ. ಮೇಲಾಗಿ ಇಲ್ಲಿ ಬದಲಾಯಿಸಿದ್ದು ಆಹಾರವನ್ನು. ಬ್ಯಾಕ್ಟೀರಿಯಾಗಳು ಅದರ ಹಿಂದೆ ತಾವಾಗಿ ಬದಲಾದವು.

ಇಲಿ ಸಿಕ್ಕಿತು, ಬೆಟ್ಟ ಸಿಗಲಿಲ್ಲ

2013ರ ಒಂದು ಪ್ರಯೋಗವನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಆದರೆ ಅರ್ಧಕ್ಕೇ ನಿಲ್ಲಿಸುತ್ತಾರೆ. ಅವಳಿಗಳಲ್ಲಿ ಒಬ್ಬರಿಗೆ ಬೊಜ್ಜಿದೆ, ಇನ್ನೊಬ್ಬರು ತೆಳ್ಳಗಿದ್ದಾರೆ. ಅಂಥ ನಾಲ್ಕು ಜೋಡಿಗಳ ಮಲದ ಬ್ಯಾಕ್ಟೀರಿಯಾವನ್ನು ಕ್ರಿಮಿರಹಿತ ಇಲಿಗಳಿಗೆ ಕೊಡಲಾಯಿತು. ಬೊಜ್ಜಿದ್ದವರ ಬ್ಯಾಕ್ಟೀರಿಯಾ ಪಡೆದ ಇಲಿಗಳು ಹೆಚ್ಚು ಕೊಬ್ಬು ಕಟ್ಟಿಕೊಂಡವು. ಬಳಿಕ ಎರಡೂ ಬಗೆಯ ಇಲಿಗಳನ್ನು ಒಂದೇ ಗೂಡಿನಲ್ಲಿ ಬಿಟ್ಟರು. ಇಲಿಗಳು ಒಂದರ ಹಿಕ್ಕೆಯನ್ನು ಇನ್ನೊಂದು ತಿನ್ನುತ್ತವೆ, ಹಾಗಾಗಿ ಬ್ಯಾಕ್ಟೀರಿಯಾಗಳ ವಿನಿಮಯ ತಾನಾಗಿಯೇ ಆಗುತ್ತದೆ. ತೆಳ್ಳಗಿದ್ದವರ ಬ್ಯಾಕ್ಟೀರಿಯಾಗಳು ಮತ್ತೊಂದು ಇಲಿಯ ಕರುಳಿಗೆ ದಾಟಿ, ಅದು ದಪ್ಪವಾಗುವುದನ್ನು ತಡೆದವು. ಉಲ್ಲೇಖಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಇದು ನಡೆದದ್ದು ಕೊಬ್ಬು ಕಡಿಮೆ ಇರುವ, ನಾರು ಹೆಚ್ಚಿರುವ ಆಹಾರ ಕೊಟ್ಟಾಗ ಎಂಬುದು ಮುಂದಿನ ಭಾಗ. ಕೊಬ್ಬು ಹೆಚ್ಚು, ನಾರು ಕಡಿಮೆ ಇರುವ ಆಹಾರ ಕೊಟ್ಟಾಗ ಆ ಒಳ್ಳೆಯ ಬ್ಯಾಕ್ಟೀರಿಯಾಗಳು ನೆಲೆಯೂರಲೇ ಇಲ್ಲ.

ಮನುಷ್ಯರ ಕಡೆಗೆ ಬಂದಾಗ ಕಥೆ ಇನ್ನೂ ತೆಳುವಾಗುತ್ತದೆ. 2006ರಲ್ಲಿ ಬೊಜ್ಜಿದ್ದ 12 ಜನರನ್ನು ಪರೀಕ್ಷಿಸಿದ ಗಾರ್ಡನ್ ತಂಡ, ಅವರಲ್ಲಿ ಫರ್ಮಿಕ್ಯೂಟೀಸ್ ಎಂಬ ಗುಂಪು ಹೆಚ್ಚು, ಬ್ಯಾಕ್ಟೀರಾಯ್ಡೀಟೀಸ್ ಎಂಬ ಗುಂಪು ಕಡಿಮೆ ಎಂದಿತು. ಈ ಅನುಪಾತವೇ ಬೊಜ್ಜಿನ ಗುರುತು ಎಂಬ ನಂಬಿಕೆ ಹರಡಿತು. 2016ರಲ್ಲಿ ಹತ್ತು ಅಧ್ಯಯನಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ಆ ಗುರುತು ಮಸುಕಾಯಿತು: ಬ್ಯಾಕ್ಟೀರಿಯಾಗಳಿಗೂ ಬೊಜ್ಜಿಗೂ ಇರುವ ನಂಟು ದುರ್ಬಲ, ಅನುಪಾತ ನೋಡಿ ಯಾರಿಗೆ ಬೊಜ್ಜಿದೆ ಎಂದು ಹೇಳಲು ಸಾಧ್ಯವಿಲ್ಲ. ಆದರೂ ಮನೆಗೆ ತರಿಸಿಕೊಂಡು ಮಲದ ಮಾದರಿ ಕಳುಹಿಸುವ ಪರೀಕ್ಷೆಗಳ ವರದಿಯಲ್ಲಿ ಈ ಅನುಪಾತ ಕೆಂಪು, ಹಸಿರು ಬಣ್ಣಗಳಲ್ಲಿ ಇಂದಿಗೂ ಮೆರೆಯುತ್ತದೆ.

ನೇರ ಪರೀಕ್ಷೆಯೂ ನಡೆಯಿತು. ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ಬೊಜ್ಜು ಹಾಗೂ ಚಯಾಪಚಯದ ತೊಂದರೆಗಳಿದ್ದ ಗಂಡಸರ ಕರುಳಿಗೆ ತೆಳ್ಳಗಿನ ದಾನಿಗಳ ಮಲದ ಬ್ಯಾಕ್ಟೀರಿಯಾವನ್ನು ಸೇರಿಸಿ, 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ವಾರಗಳ ಬಳಿಕ ಇನ್ಸುಲಿನ್‌ಗೆ ದೇಹ ಸ್ಪಂದಿಸುವ ರೀತಿ ಸುಧಾರಿಸಿತ್ತು. ಇದು ಗಮನಾರ್ಹ ಫಲವೇ. ಆದರೆ ತೂಕ ಇದ್ದಲ್ಲೇ ಇತ್ತು. ಆಮೇಲೆ ಬೊಜ್ಜಿದ್ದವರಿಗೆ ತೆಳ್ಳಗಿನವರ ಬ್ಯಾಕ್ಟೀರಿಯಾ ತುಂಬಿದ ಗುಳಿಗೆಗಳನ್ನು ವಾರಗಟ್ಟಲೆ ನುಂಗಿಸಿದ ಪ್ರಯೋಗಗಳಲ್ಲೂ ತೂಕ ಇಳಿಯಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುವುದು ಗಾದೆ. ಇಲ್ಲಿ ಇಲಿ ಮೊದಲೇ ಕೈಯಲ್ಲಿತ್ತು, ಬೆಟ್ಟಕ್ಕಾಗಿಯೇ ಅಗೆತ ನಡೆಯುತ್ತಿದೆ.

ಇಲಿಯಲ್ಲಿ ಫಲಿಸಿದ್ದು ನಮ್ಮಲ್ಲಿ ಫಲಿಸದೇ ಹೋಗಲು ಕಾರಣಗಳಿವೆ. ಕ್ರಿಮಿರಹಿತ ಇಲಿಯ ಕರುಳು ಖಾಲಿ ಮನೆ; ಬಂದವರೆಲ್ಲ ನೆಲೆಸಬಹುದು. ವಯಸ್ಕ ಮನುಷ್ಯನ ಕರುಳಿನಲ್ಲಿ ದಶಕಗಳಿಂದ ಬೇರೂರಿದ ಬ್ಯಾಕ್ಟೀರಿಯಾಗಳಿವೆ, ಅವು ಹೊಸಬರಿಗೆ ಜಾಗ ಬಿಡುವುದಿಲ್ಲ. ಪ್ರಯೋಗಾಲಯದ ಇಲಿ ದಿನವೂ ಒಂದೇ ಆಹಾರ ತಿನ್ನುತ್ತದೆ. ನಾವು ತಿನ್ನುವುದನ್ನು ನಿರ್ಧರಿಸುವುದು ಹಸಿವು, ಆಸೆ, ಅಭ್ಯಾಸ, ಬೇಸರ ಎಲ್ಲವೂ ಸೇರಿ. ಇವುಗಳೆಲ್ಲ ಒಂದೆಡೆ ಕೂಡುವ ಸ್ಥಳ ಮಿದುಳು.

ಕೊಬ್ಬು ಕಳುಹಿಸುವ ವರದಿ

ಅಮೆರಿಕದ ಮೇನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯದಲ್ಲಿ 1949ರಲ್ಲಿ ತಿಂದಷ್ಟೂ ತೃಪ್ತಿಯಾಗದ, ಉಬ್ಬಿದ ಮೈಯ ಇಲಿಯೊಂದು ಕಾಣಿಸಿಕೊಂಡಿತು. ಅದರ ವಂಶವನ್ನು ಬೆಳೆಸಲಾಯಿತು. ಅಲ್ಲಿಯೇ ಕೆಲಸ ಮಾಡುತ್ತಿದ್ದ ಡಗ್ಲಸ್ ಕೋಲ್ಮನ್, ಇಂಥ ಇಲಿಯ ಮೈಯನ್ನು ಸಾಮಾನ್ಯ ಇಲಿಯ ಮೈಗೆ ಹೊಲಿದು ರಕ್ತ ಪರಸ್ಪರ ಹರಿಯುವಂತೆ ಮಾಡಿದರು. ಬೊಜ್ಜಿನ ಇಲಿ ತಿನ್ನುವುದನ್ನು ತಗ್ಗಿಸಿತು, ಅದರ ತೂಕ ಏರುವುದೂ ಕಡಿಮೆಯಾಯಿತು. ಹೊಟ್ಟೆಬಾಕತನಕ್ಕೆ ಲಗಾಮು ಹಾಕುವ ಏನೋ ಒಂದು ರಕ್ತದಲ್ಲಿ ಹರಿಯುತ್ತಿದೆ ಎಂದು ಅವರು ಊಹಿಸಿದರು. ಅದು ಏನು ಎಂಬುದು ತಿಳಿದದ್ದು 1994ರಲ್ಲಿ. ನ್ಯೂಯಾರ್ಕ್‌ನ ರಾಕಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಅದರ ವಂಶವಾಹಿಯನ್ನು ಪತ್ತೆ ಮಾಡಿ ಆ ಹಾರ್ಮೋನಿಗೆ ಲೆಪ್ಟಿನ್ ಎಂದು ಹೆಸರಿಟ್ಟಿತು.

ಲೆಪ್ಟಿನನ್ನು ತಯಾರಿಸುವುದು ಕೊಬ್ಬಿನ ಕೋಶಗಳೇ. ಕೊಬ್ಬು ಹೆಚ್ಚಿದ್ದಷ್ಟೂ ಲೆಪ್ಟಿನ್ ಹೆಚ್ಚು. ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್ ಅದನ್ನು ಓದಿ, ಕೂಡಿಟ್ಟದ್ದು ಎಷ್ಟಿದೆ ಎಂದು ತಿಳಿಯುತ್ತದೆ. ಅಲ್ಲಿ ಎರಡು ನರಕೋಶಗಳ ಗುಂಪುಗಳು ಅಕ್ಕಪಕ್ಕ ಕುಳಿತಿವೆ: ಒಂದು ತಿನ್ನು ಎನ್ನುತ್ತದೆ, ಇನ್ನೊಂದು ಸಾಕು ಎನ್ನುತ್ತದೆ. ಮೊದಲ ಗುಂಪನ್ನು ಕೃತಕವಾಗಿ ಚೋದಿಸಿದರೆ ಹೊಟ್ಟೆ ತುಂಬಿದ ಇಲಿಯೂ ಕೆಲವೇ ನಿಮಿಷಗಳಲ್ಲಿ ಮತ್ತೆ ತಿನ್ನಲು ತೊಡಗುತ್ತದೆ. ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಮಕ್ಕಳು ಬಲು ಅಪರೂಪ. ಅವರ ಹಸಿವಿಗೆ ಕೊನೆಯೇ ಇರುವುದಿಲ್ಲ. ಕೇಂಬ್ರಿಡ್ಜ್‌ನ ವೈದ್ಯರು ಅಂಥ ಒಂದು ಮಗುವಿಗೆ ಲೆಪ್ಟಿನ್ ಚುಚ್ಚುಮದ್ದು ಕೊಟ್ಟು, ಹಸಿವೂ ತೂಕವೂ ಇಳಿದುದನ್ನು 1999ರಲ್ಲಿ ವರದಿ ಮಾಡಿದರು.

ಹಾಗಾದರೆ ಎಲ್ಲರಿಗೂ ಲೆಪ್ಟಿನ್ ಕೊಟ್ಟರಾಯಿತಲ್ಲ? ಕೊಟ್ಟು ನೋಡಿದರು, ಹೆಚ್ಚೇನೂ ಆಗಲಿಲ್ಲ. ಬೊಜ್ಜಿರುವ ಬಹುತೇಕರ ರಕ್ತದಲ್ಲಿ ಲೆಪ್ಟಿನ್ ಆಗಲೇ ಧಾರಾಳವಾಗಿದೆ. ಮಿದುಳು ಅದಕ್ಕೆ ಕಿವುಡಾಗಿದೆ. ಆದರೆ ಲೆಪ್ಟಿನ್ ಇಳಿಯುವುದನ್ನು ಮಾತ್ರ ಮಿದುಳು ತಟ್ಟನೆ ಗುರುತಿಸುತ್ತದೆ. ಇದೊಂದು ಅಸಮ ವ್ಯವಸ್ಥೆ: ಹೆಚ್ಚಾದರೆ ಉದಾಸೀನ, ಕಡಿಮೆಯಾದರೆ ಗಾಬರಿ. ಬರಗಾಲಗಳನ್ನು ದಾಟಿ ಉಳಿದು ಬಂದ ಜೀವಿಗೆ ಇದು ಒಪ್ಪುವ ಏರ್ಪಾಡೇ.

ಪಥ್ಯ ಮಾಡಿ ತೂಕ ಇಳಿಸಿದವರಿಗೆ ಈ ಗಾಬರಿಯ ಪರಿಚಯ ಚೆನ್ನಾಗಿಯೇ ಇರುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಹತ್ತು ವಾರಗಳ ಕಠಿಣ ಪಥ್ಯ ಮಾಡಿದವರನ್ನು ವರ್ಷದ ಬಳಿಕ ಪರೀಕ್ಷಿಸಿದಾಗಲೂ ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಜಠರದ ಹಾರ್ಮೋನು ಮೇಲೆಯೇ ಇತ್ತು, ಲೆಪ್ಟಿನ್ ಕೆಳಗೆಯೇ ಇತ್ತು, ಹಸಿವೂ ಮೊದಲಿಗಿಂತ ಹೆಚ್ಚಾಗಿತ್ತು. ಇದು 2011ರ ವರದಿ. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ಭಾರೀ ತೂಕ ಇಳಿಸಿದ್ದ 14 ಜನರನ್ನು ಆರು ವರ್ಷಗಳ ಬಳಿಕ ಅಳೆದಾಗ, ಅವರ ದೇಹ ವಿಶ್ರಾಂತಿಯಲ್ಲಿ ಖರ್ಚು ಮಾಡುತ್ತಿದ್ದ ಶಕ್ತಿ ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆಯಿತ್ತು. ಮನೋಬಲ ಸಾಲದು ಎಂದು ಅವರನ್ನು ಗದರುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು. ಬ್ಯಾಕ್ಟೀರಿಯಾಗಳು ಆಚೀಚೆ ಮಾಡಬಲ್ಲ ನೂರು ಚಿಲ್ಲರೆ ಕ್ಯಾಲರಿಯನ್ನು ಮಿದುಳು ಮನಸ್ಸು ಮಾಡಿದರೆ ಒಂದೇ ದಿನದಲ್ಲಿ ಸರಿದೂಗಿಸಿಬಿಡಬಲ್ಲದು ಎಂಬುದೂ ಇದರಿಂದ ತಿಳಿಯುತ್ತದೆ.

ಕರುಳಿನಿಂದ ತಲೆಗೆ ಹೋಗುವ ದಾರಿಗಳು

ಹಾಗೆಂದು ಕರುಳು ಸುಮ್ಮನೆ ಕುಳಿತಿಲ್ಲ. ಮಿದುಳಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರದ ಎಳೆಗಳಲ್ಲಿ ಸುಮಾರು ಶೇ 80ರಷ್ಟು ಸುದ್ದಿಯನ್ನು ಕೆಳಗಿನಿಂದ ಮೇಲಕ್ಕೆ ಒಯ್ಯುವಂಥವು. ಅಪ್ಪಣೆಗಳಿಗಿಂತ ವರದಿಗಳೇ ಹೆಚ್ಚು. ಕರುಳಿನ ಒಳಪದರದಲ್ಲಿ ಆಹಾರವನ್ನು ರುಚಿ ನೋಡುವ ಕೋಶಗಳಿವೆ. ಅವು ಹಾರ್ಮೋನು ಬಿಟ್ಟು ರಕ್ತದ ಮೂಲಕ ನಿಧಾನವಾಗಿ ಸುದ್ದಿ ಕಳುಹಿಸುತ್ತವೆ ಎಂದಷ್ಟೇ ತಿಳಿಯಲಾಗಿತ್ತು. 2018ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಡಿಯೆಗೊ ಬೊಹೋರ್ಕೆಸ್ ಅವರ ತಂಡ, ಇಂಥ ಕೆಲವು ಕೋಶಗಳು ವೇಗಸ್ ನರಕ್ಕೆ ನೇರವಾಗಿ ಜೋಡಿಕೊಂಡಿವೆ, ಸಕ್ಕರೆ ಬಂದ ಸುದ್ದಿಯನ್ನು ಮಿಲಿಸೆಕೆಂಡುಗಳಲ್ಲಿ ರವಾನಿಸುತ್ತವೆ ಎಂದು ಇಲಿಗಳಲ್ಲಿ ತೋರಿಸಿತು.

ಸಕ್ಕರೆಯ ವಿಷಯ ಇನ್ನೂ ಸ್ವಾರಸ್ಯದ್ದು. ನಾಲಿಗೆಯಲ್ಲಿ ಸಿಹಿ ತಿಳಿಯದ ಇಲಿಗೂ ಸಕ್ಕರೆ ನೀರು ಮತ್ತು ಬೇರೆ ನೀರನ್ನು ಕೊಟ್ಟರೆ ಸ್ವಲ್ಪ ಕಾಲದಲ್ಲೇ ಅದು ಸಕ್ಕರೆ ನೀರಿನತ್ತ ತಿರುಗುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಜುಕರ್ ಅವರ ತಂಡ 2020ರಲ್ಲಿ ಇದರ ದಾರಿಯನ್ನು ಕರುಳಿನಿಂದ ವೇಗಸ್ ಮೂಲಕ ಮಿದುಳಿನ ಬುಡದವರೆಗೆ ಗುರುತಿಸಿತು. ಕೃತಕ ಸಿಹಿ ಈ ದಾರಿಯನ್ನು ಎಬ್ಬಿಸುವುದಿಲ್ಲ. ನಾಲಿಗೆಯನ್ನು ಮರುಳು ಮಾಡಬಹುದು, ಕರುಳನ್ನು ಮಾಡಲಾಗದು.

ಬ್ಯಾಕ್ಟೀರಿಯಾಗಳು ಮಾತು ಸೇರಿಸುವುದು ಈ ದಾರಿಗಳಲ್ಲಿಯೇ. ಅವು ನಾರಿನಿಂದ ಮಾಡುವ ಪುಟ್ಟ ಕೊಬ್ಬಿನಾಮ್ಲಗಳು ದೊಡ್ಡ ಕರುಳಿನ ಕೋಶಗಳಿಂದ ಜಿಎಲ್‌ಪಿ-1 ಮತ್ತು ಪಿವೈವೈ ಎಂಬ ಹಾರ್ಮೋನುಗಳನ್ನು ಹೊರಡಿಸಬಲ್ಲವು. ಎರಡೂ ಹೊಟ್ಟೆ ತುಂಬಿತು ಎಂದು ಮಿದುಳಿಗೆ ತಿಳಿಸುವಂಥವು. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಪ್ರೊಪಿಯೊನೇಟನ್ನು ದೊಡ್ಡ ಕರುಳಿನಲ್ಲೇ ಬಿಡುಗಡೆಯಾಗುವಂತೆ ನಾರಿಗೆ ಅಂಟಿಸಿ, ತೂಕ ಹೆಚ್ಚಿದ್ದ 60 ಜನರ ಮೇಲೆ 24 ವಾರಗಳ ಕಾಲ ಪ್ರಯೋಗ ನಡೆಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅದನ್ನು ತಿಂದವರಲ್ಲಿ ತೂಕ ಏರುವುದು ಕಡಿಮೆಯಾಯಿತು. ಇಳಿಯಿತು ಎಂದು ಹೇಳಲಿಲ್ಲ, ಏರುವುದು ತಗ್ಗಿತು ಎಂದರು. ಈ ವ್ಯತ್ಯಾಸ ಜಾಹೀರಾತುಗಳಲ್ಲಿ ಕಳೆದುಹೋಗುತ್ತದೆ.

ಅಸಿಟೇಟ್ ವಿಷಯದಲ್ಲಂತೂ ಇಬ್ಬರು ಸಾಕ್ಷಿಗಳು ಎದುರುಬದುರಾಗಿ ನಿಂತಿದ್ದಾರೆ. 2014ರಲ್ಲಿ ಲಂಡನ್ನಿನ ತಂಡ, ನಾರಿನಿಂದ ಹುಟ್ಟಿದ ಅಸಿಟೇಟ್ ಹೈಪೋಥಲಾಮಸ್ ತಲುಪಿ ಹಸಿವನ್ನು ತಗ್ಗಿಸುತ್ತದೆ ಎಂದಿತು. 2016ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡ, ಕೊಬ್ಬು ಹೆಚ್ಚಿರುವ ಆಹಾರ ತಿಂದ ಇಲಿಗಳಲ್ಲಿ ಬ್ಯಾಕ್ಟೀರಿಯಾಗಳ ಅಸಿಟೇಟ್ ಮಿದುಳಿನ ಮೂಲಕ ಇನ್ಸುಲಿನನ್ನೂ ಗ್ರೆಲಿನನ್ನೂ ಏರಿಸಿ ಹಸಿವನ್ನು ಹೆಚ್ಚಿಸುತ್ತದೆ ಎಂದಿತು. ಅಣು ಒಂದೇ, ಆರೋಪ ಬೇರೆ ಬೇರೆ. ಎಷ್ಟು ಪ್ರಮಾಣ, ಯಾವ ಆಹಾರದ ನಡುವೆ, ಎಷ್ಟು ಕಾಲ ಎಂಬುದರ ಮೇಲೆ ಅದರ ಪರಿಣಾಮ ನಿಂತಿದೆ. ಒಳ್ಳೆಯ ಬ್ಯಾಕ್ಟೀರಿಯಾ, ಕೆಟ್ಟ ಬ್ಯಾಕ್ಟೀರಿಯಾ ಎಂದು ಎರಡು ಪಟ್ಟಿ ಮಾಡಿಕೊಡುವವರನ್ನು ಕಂಡರೆ ನನಗೆ ಅನುಮಾನ ಬರುವುದು ಇದಕ್ಕಾಗಿಯೇ.

ಇನ್ನೂ ಎರಡು ದಾರಿಗಳಿವೆ. ಫ್ರಾನ್ಸಿನ ರುವಾನ್ ನಗರದ ಸಂಶೋಧಕರು ಇ. ಕೋಲೈ ಬ್ಯಾಕ್ಟೀರಿಯಾದ ಒಂದು ಪ್ರೋಟೀನು ನಮ್ಮ ಮಿದುಳಿನ ಸಾಕು ಎನ್ನುವ ಸಂಕೇತವನ್ನು ಹೋಲುತ್ತದೆ ಎಂದು ಕಂಡುಕೊಂಡರು. ಆಹಾರ ಬಂದ ಮೇಲೆ ಬ್ಯಾಕ್ಟೀರಿಯಾಗಳು ತಾವು ಬೆಳೆದು ಸಾಕಷ್ಟಾದಾಗ ಆ ಪ್ರೋಟೀನು ಹೆಚ್ಚುತ್ತದೆ, ಇಲಿಗಳು ತಿನ್ನುವುದು ಕಡಿಮೆಯಾಗುತ್ತದೆ. ಇನ್ನೊಂದು ದಾರಿ ಉರಿಯೂತದ್ದು. ಕೊಬ್ಬು ಹೆಚ್ಚಿರುವ ಆಹಾರದಿಂದ ಇಲಿಗಳ ಕರುಳಿನ ಗೋಡೆ ಸಡಿಲವಾಗಿ, ಬ್ಯಾಕ್ಟೀರಿಯಾಗಳ ಹೊರಪದರದ ಚೂರುಗಳು ರಕ್ತಕ್ಕೆ ಸೋರಿ, ಇನ್ಸುಲಿನ್‌ಗೆ ದೇಹ ಜಡವಾಗುತ್ತದೆ ಎಂದು ಬೆಲ್ಜಿಯಂನ ಪ್ಯಾಟ್ರಿಸ್ ಕಾನಿ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. ಇಂಥ ಆಹಾರ ತಿಂದ ಇಲಿಗಳ ಹೈಪೋಥಲಾಮಸ್‌ನಲ್ಲೂ ಕೆಲವೇ ದಿನಗಳಲ್ಲಿ ಉರಿಯೂತದ ಗುರುತುಗಳು ಕಾಣುತ್ತವೆ.

ದೇಹದ ಸಿರೊಟೋನಿನ್ ಬಹುಪಾಲು ಕರುಳಿನಲ್ಲೇ ತಯಾರಾಗುತ್ತದೆ, ಆದ್ದರಿಂದ ಕರುಳೇ ಮನಸ್ಸನ್ನು ಆಳುತ್ತದೆ ಎಂಬ ಮಾತೂ ಓಡಾಡುತ್ತಿರುತ್ತದೆ. ಮೊದಲ ಭಾಗ ನಿಜ. ಆದರೆ ಆ ಸಿರೊಟೋನಿನ್ ರಕ್ತದಿಂದ ಮಿದುಳಿಗೆ ದಾಟಲಾರದು. ಮಿದುಳು ತನಗೆ ಬೇಕಾದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ.

ಎಲ್ಲಿ ಪಟ್ಟು ಹಿಡಿದರೆ ತೂಕ ಅಲುಗುತ್ತದೆ

ಜಿಎಲ್‌ಪಿ-1 ಎಂಬ ಕರುಳಿನ ಹಾರ್ಮೋನು ರಕ್ತದಲ್ಲಿ ಬದುಕುವುದು ಒಂದೆರಡು ನಿಮಿಷ. ಅದನ್ನು ಹೋಲುವ, ಆದರೆ ಬಹುಕಾಲ ಬಾಳುವ ಅಣುವೊಂದನ್ನು ವಿಜ್ಞಾನಿ ಜಾನ್ ಎಂಗ್ 1990ರ ದಶಕದ ಆರಂಭದಲ್ಲಿ ಗೀಲಾ ಮಾನ್‌ಸ್ಟರ್ ಎಂಬ ವಿಷಕಾರಿ ಹಲ್ಲಿಯ ಜೊಲ್ಲಿನ ವಿಷದಲ್ಲಿ ಕಂಡುಹಿಡಿದರು. ಇದೇ ಬಗೆಯ ಔಷಧಗಳ ಸಾಲಿನಲ್ಲಿ ಮುಂದೆ ಬಂದ ಸೆಮಾಗ್ಲುಟೈಡ್ ದೇಹದಲ್ಲಿ ಅರ್ಧಕ್ಕೆ ಇಳಿಯಲೇ ಸುಮಾರು ಒಂದು ವಾರ ಬೇಕು. 2021ರಲ್ಲಿ ಪ್ರಕಟವಾದ, ಸುಮಾರು ಎರಡು ಸಾವಿರ ಜನರ ಪ್ರಯೋಗದಲ್ಲಿ 68 ವಾರಗಳಲ್ಲಿ ಔಷಧ ಪಡೆದವರ ತೂಕ ಸರಾಸರಿ ಶೇ 14.9ರಷ್ಟು ಇಳಿಯಿತು, ಬರೀ ತೋರಿಕೆಯ ಚುಚ್ಚುಮದ್ದು ಪಡೆದವರದು ಶೇ 2.4ರಷ್ಟು. ಕರುಳಿನ ಒಂದು ಸಂಕೇತವನ್ನು ನಕಲು ಮಾಡಿ ಮಿದುಳಿಗೆ ಮತ್ತೆ ಮತ್ತೆ ಕೇಳಿಸಿದ್ದರ ಫಲ ಇದು. ಔಷಧ ನಿಲ್ಲಿಸಿದ ಒಂದು ವರ್ಷದಲ್ಲಿ ಕಳೆದುಕೊಂಡ ತೂಕದ ಮೂರನೇ ಎರಡು ಭಾಗ ಮರಳಿತು. ಮಿದುಳಿನ ನೆನಪು ಅಷ್ಟು ಗಟ್ಟಿ.

ಬ್ಯಾಕ್ಟೀರಿಯಾ ಚಿಕಿತ್ಸೆಗಳ ಪೈಕಿ ಹೆಚ್ಚು ಭರವಸೆ ಮೂಡಿಸಿದ್ದು ಅಕ್ಕರ್‌ಮನ್ಸಿಯಾ ಎಂಬ, ಕರುಳಿನ ಲೋಳೆಯನ್ನು ತಿಂದು ಬದುಕುವ ಬ್ಯಾಕ್ಟೀರಿಯಾ. ಇದನ್ನು 2004ರಲ್ಲಿ ನೆದರ್ಲೆಂಡ್ಸ್‌ನ ವಾಖನಿಂಗನ್‌ನಲ್ಲಿ ಗುರುತಿಸಿ ಹೆಸರಿಸಲಾಯಿತು. 2019ರಲ್ಲಿ ಕಾನಿ ಅವರ ತಂಡ ಪ್ರಕಟಿಸಿದ ಮೂರು ತಿಂಗಳ ಪ್ರಯೋಗವನ್ನು 32 ಜನ ಪೂರ್ಣಗೊಳಿಸಿದರು. ಇನ್ಸುಲಿನ್ ಸ್ಪಂದನ ಸುಧಾರಿಸಿತು. ತೂಕದ ಇಳಿಕೆ ಅಲ್ಪ, ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ಅದು ನಿಲ್ಲಲಿಲ್ಲ. ವಿಚಿತ್ರವೆಂದರೆ ಜೀವಂತ ಬ್ಯಾಕ್ಟೀರಿಯಾಕ್ಕಿಂತ ಬಿಸಿಮಾಡಿ ಸಾಯಿಸಿದ್ದೇ ಚೆನ್ನಾಗಿ ಕೆಲಸ ಮಾಡಿತು. ಅಂದರೆ ಪರಿಣಾಮ ಬೀರುತ್ತಿರುವುದು ಅದರ ಹೊರಪದರದಲ್ಲಿರುವ ವಸ್ತುಗಳು. ಅದು ಕರುಳಿನಲ್ಲಿ ಬದುಕಿ ಬೆಳೆಯಲೇಬೇಕು ಎಂದೇನಿಲ್ಲ.

ಆಹಾರದ ಬಗ್ಗೆ ಗಟ್ಟಿ ಸಾಕ್ಷ್ಯ ಕೊಟ್ಟದ್ದು ಆಗ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಅವರ 2019ರ ಪ್ರಯೋಗ. 20 ಜನರಿಗೆ ಎರಡು ವಾರ ಅತಿ ಸಂಸ್ಕರಿತ ಆಹಾರ, ಎರಡು ವಾರ ಸಂಸ್ಕರಿಸದ ಆಹಾರ. ಮುಂದಿಟ್ಟ ತಟ್ಟೆಗಳಲ್ಲಿ ಕ್ಯಾಲರಿ, ಸಕ್ಕರೆ, ಕೊಬ್ಬು, ನಾರು ಎಲ್ಲವೂ ಸಮ, ಬೇಕಾದಷ್ಟು ತಿನ್ನಬಹುದು. ಸಂಸ್ಕರಿತ ಆಹಾರದ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದು ಸರಾಸರಿ 0.9 ಕಿಲೋ ಏರಿದರು. ಇನ್ನೊಂದರಲ್ಲಿ ಅಷ್ಟೇ ಇಳಿದರು. ತಿನ್ನುವ ವೇಗವೂ ಸಂಸ್ಕರಿತ ಆಹಾರದಲ್ಲಿ ಹೆಚ್ಚಿತ್ತು. ಸಾಕು ಎನ್ನುವ ಸುದ್ದಿ ಕರುಳಿನಿಂದ ಮೇಲೇರುವ ಮೊದಲೇ ತಟ್ಟೆ ಖಾಲಿಯಾಗಿರುತ್ತಿತ್ತು ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ.

ಆದ್ದರಿಂದ ಅಂಗಡಿಯಲ್ಲಿ ತೂಕ ಇಳಿಸುವ ಪ್ರೋಬಯಾಟಿಕ್ (ಜೀವಂತ ಬ್ಯಾಕ್ಟೀರಿಯಾ ತುಂಬಿದ್ದು) ಎಂದು ಬರೆದ ಡಬ್ಬಿ ಕಂಡರೆ ಅದರ ಹಣ ಜೇಬಿನಲ್ಲೇ ಇರಲಿ ಎನ್ನುತ್ತೇನೆ. ನಾರಿಗೆ ಖರ್ಚು ಮಾಡಬಹುದು: ಕಾಳು, ತರಕಾರಿ, ಇಡಿ ಧಾನ್ಯ. ಇದರಿಂದ ತೂಕ ತಾನಾಗಿ ಕರಗುತ್ತದೆಂದು ನಂಬಬೇಕಿಲ್ಲ. ಕರುಳಿನ ಕೆಳಭಾಗಕ್ಕೆ ಕೆಲಸ ಕೊಡುವ ಸಾಬೀತಾದ ದಾರಿ ಅದು, ಅಷ್ಟೇ. ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ, ಆದ್ದರಿಂದ ಕೆಲವು ವಾರಗಳಲ್ಲಿ ನಿಧಾನವಾಗಿ ಏರಿಸುವುದು ಒಳಿತು. ಔಷಧ ಬೇಕೇ ಎಂಬುದನ್ನು ವೈದ್ಯರೊಂದಿಗೆ ಕುಳಿತು ತೀರ್ಮಾನಿಸಬೇಕು, ನಿಲ್ಲಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಶುರುಮಾಡುವ ಮೊದಲೇ ಕೇಳಬೇಕು.